ಸಿಮೆಂಟಿನ ಊರು, ಕ್ಲೋರಿನ್ ನೀರು

ಡಿಸೆಂಬರ್ ಬಂತೆಂದರೆ ನಮ್ಮ ಕಡೆ ಹಳ್ಳಿ ಶಾಲೆಗಳಲ್ಲಿ ಒಂದೇ ಮಾತು: ಪ್ರವಾಸ. ಮೊದಲೆಲ್ಲ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಅಂತಿತ್ತು. ರಾಜರು ಕಟ್ಟಿಸಿದ ಕಲ್ಲುಗಳ ಮುಂದೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಆ ಕಲ್ಲು ಹೊತ್ತವರು ಯಾರು ಅಂತ ಒಂದು ಮಾತೂ ಆಡದೆ ವಾಪಸ್ ಕರಕೊಂಡು ಬರುತ್ತಿದ್ದರು. ಈಗ ಮಕ್ಕಳೇ ಮೇಷ್ಟ್ರಿಗೆ ಹೇಳುತ್ತಾರೆ, 'ಗುಡಿ ಬ್ಯಾಡ ಸಾ, ನೀರಾಡೋ ಪಾರ್ಕ್‌ಗೆ ಹೋಗ್ಮ.' 2025ರ ಡಿಸೆಂಬರಿನಲ್ಲಿ ಚಾಮರಾಜನಗರ ಕಡೆಯ ಒಂದು ಸರಕಾರಿ ಪ್ರೌಢಶಾಲೆಯ ಮಕ್ಕಳ ಜೊತೆ ನಾವು ಮೂವರು ಗೆಳೆಯರೂ ಅಂಥ ಒಂದು ಪಾರ್ಕಿಗೆ ಹೋಗಿಬಂದೆವು. ನಮ್ಮಲ್ಲೊಬ್ಬ ಆ ಶಾಲೆಯ ಅತಿಥಿ ಶಿಕ್ಷಕ. ಉಳಿದಿಬ್ಬರು, ಮಕ್ಕಳನ್ನು ಎಣಿಸುವುದಕ್ಕೆ ಜನ ಬೇಕು ಅಂತ ಹೆಡ್‌ಮೇಷ್ಟ್ರು ಕರೆದದ್ದಕ್ಕೆ ಹೋದವರು. ಪಾರ್ಕಿನ ಹೆಸರು ಇಲ್ಲಿ ಬೇಡ. ನಾವು ಒಬ್ಬ ಮಾಲೀಕನ ಮೇಲೆ ಜಗಳಕ್ಕೆ ನಿಂತವರಲ್ಲ.

ಈ ಸುದ್ದಿ ಕೇಳಿ ಚಳುವಳಿಯ ಹಿರಿಯ ಗೆಳೆಯರೊಬ್ಬರು ಸಿಟ್ಟಾದರು. 'ಹೊಲೆಗೇರಿ ಮಕ್ಕಳನ್ನ ಬಂಡವಾಳಶಾಹಿಯ ತೊಟ್ಟಿಲಲ್ಲಿ ಮಲಗಿಸಿ ಬಂದ್ರಾ?' ಅಂದರು. ಅವರ ಸಿಟ್ಟಿನ ಮೇಲೆ ನಮಗೆ ಗೌರವವಿದೆ. ಆದರೆ ಆ ಮಾತಿಗೆ ತಲೆಯಾಡಿಸಿ ಸುಮ್ಮನಾಗಲು ನಮ್ಮಿಂದ ಆಗಲಿಲ್ಲ. ಈ ಲೇಖನ ಅವರ ಜೊತೆ ನಡೆದ ಜಗಳದ ಮುಂದುವರಿಕೆ ಅಂತಲೇ ತಿಳಿಯಿರಿ.

ಈ ಪಾರ್ಕುಗಳು ನಮ್ಮ ದೇಶಕ್ಕೆ ಬಂದು ಬಹಳ ಕಾಲವೇನೂ ಆಗಿಲ್ಲ. ನಮ್ಮ ಹಿರಿಯರು 1970ರ ದಶಕದಲ್ಲಿ ಸಂಘಟನೆ ಕಟ್ಟುವಾಗ ಇವು ಇರಲೇ ಇಲ್ಲ. ದಿಲ್ಲಿಯ ಅಪ್ಪು ಘರ್ ಶುರುವಾದದ್ದು 1984ರಲ್ಲಿ, 2008ರಲ್ಲಿ ಅದು ಮುಚ್ಚಿಯೂ ಹೋಯಿತು. ಮುಂಬಯಿ ಬಳಿಯ ಎಸ್ಸೆಲ್ ವರ್ಲ್ಡ್ 1989ರದ್ದು. ನಮ್ಮ ಬಿಡದಿಯ ವಂಡರ್‌ಲಾ 2005ರದ್ದು. ನಾವು ಹೋದದ್ದು ಇವ್ಯಾವುವೂ ಅಲ್ಲ. ಇವುಗಳ ಬಗ್ಗೆ ಕನ್ನಡದಲ್ಲಿ ಆಗಾಗ ಕಾಣುವ ಬರಹ ಮೂರು ಬಗೆಯದು. ಒಂದು, ಪತ್ರಿಕೆಯ ಭಾನುವಾರದ ಪುಟದ ಜಾಹೀರಾತಿನಂಥ ಬರಹ, ಅದನ್ನು ಬಿಡಿ. ಇನ್ನೊಂದು, ಎಡಪಂಥೀಯ ಗೆಳೆಯರ ತಿರಸ್ಕಾರ. ಮೂರನೆಯದು ಹೆಚ್ಚು ಮೋಸದ್ದು. ಅದು ಹಳೆಯದಕ್ಕೆ ಹಂಬಲಿಸುವ ಬರಹ: 'ಅಯ್ಯೋ, ನಮ್ಮೂರ ಜಾತ್ರೆಯ ಸುಖ ಇಲ್ಲೆಲ್ಲಿದೆ! ಅಲ್ಲಿ ಎಲ್ಲರೂ ಒಂದಾಗಿದ್ದೆವು, ಕಡ್ಲೆಪುರಿ ಬತ್ತಾಸು ಹಂಚಿ ತಿಂದೆವು, ಇಲ್ಲಿ ಎಲ್ಲಕ್ಕೂ ಕಾಸು.'

ಎಲ್ಲರೂ ಅಂದರೆ ಯಾರು ಸ್ವಾಮಿ?

ಜಾತ್ರೆಯಲ್ಲಿ ನಮ್ಮ ಹೆಗಲ ಮೇಲೆ ತಮಟೆ ಇತ್ತು. ತೇರು ಸಾಗುವ ದಾರಿ ಗುಡಿಸುವ ಪೊರಕೆ ಇತ್ತು. ತೇರಿನ ಹಗ್ಗ ಇರಲಿಲ್ಲ. ಸಿಡಿಕಂಬಕ್ಕೆ ಕೊಕ್ಕೆ ಸಿಕ್ಕಿಸಿಕೊಂಡು ಗಾಳಿಯಲ್ಲಿ ತಿರುಗಿದವರು ಯಾರ ಮನೆಯವರು ಅಂತ ನಿಮ್ಮ ನಿಮ್ಮ ಊರಿನ ಮುದುಕರನ್ನು ಕೇಳಿ ನೋಡಿ. ಗಾಳಿಯಲ್ಲಿ ತಿರುಗುವ ಆಟ ನಮಗೇನು ಹೊಸದಲ್ಲ. ಇದು ಹಳೆಯ ಕಾಲದ ಮಾತು ಅನ್ನುವವರಿದ್ದರೆ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ಉಳ್ಳೇರಹಳ್ಳಿಗೆ ಬನ್ನಿ. 2022ರ ಸೆಪ್ಟೆಂಬರಿನಲ್ಲಿ ಅಲ್ಲಿ ಊರ ದೇವರ ಮೆರವಣಿಗೆ ನಡೆಯುವಾಗ ಹದಿನೈದು ವರ್ಷದ ಒಬ್ಬ ಹುಡುಗ ದೇವರಿಗೆ ಸೇರಿದ ಕೋಲು ಮುಟ್ಟಿದ. ಅದಕ್ಕೆ ಅವನ ಮನೆಯವರಿಗೆ ಹಾಕಿದ ದಂಡ 60,000 ರೂಪಾಯಿ. ಆಮೇಲೆ ಆ ಮನೆಯವರು ಗೋಡೆಯಿಂದ ದೇವರ ಪಟಗಳನ್ನು ಇಳಿಸಿ ಅಂಬೇಡ್ಕರರ ಪಟ ತೂಗುಹಾಕಿದರು. ಅದಕ್ಕೂ ಒಂದು ವರ್ಷ ಹಿಂದೆ, 2021ರಲ್ಲಿ, ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ಎರಡು ವರ್ಷದ ಕೂಸು ಗುಡಿಯೊಳಕ್ಕೆ ಓಡಿಹೋಯಿತು ಅಂತ ಅಪ್ಪನಿಂದ ದಂಡ ಕೇಳಿದರು. ಜಾತ್ರೆಗೆ ಟಿಕೆಟ್ ಇಲ್ಲ ಅಂತ ಹಾಡಿ ಹೊಗಳುವ ಲೇಖಕರು ಈ ಟಿಕೆಟ್ಟಿನ ದರವನ್ನೂ ಒಂದು ಸಾಲು ಬರೆಯಬೇಕಿತ್ತು.

ಹಾಗಂತ ಪಾರ್ಕಿನ ಟಿಕೆಟ್ಟನ್ನು ನಾವು ಹೊಗಳುತ್ತೇವೆ ಅಂತಲ್ಲ. ಬಸ್ಸು, ಊಟ, ಪಾರ್ಕು ಎಲ್ಲ ಸೇರಿ ತಲೆಗೆ 1,200 ರೂಪಾಯಿ ಅಂತ ಹೆಡ್‌ಮೇಷ್ಟ್ರು ಲೆಕ್ಕ ಹಾಕಿದರು. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಅಂದರೆ ಒಬ್ಬ ತಾಯಿ ಮೂರು ದಿನ ಮಣ್ಣು ಹೊತ್ತರೂ ಮಗುವಿನ ಒಂದು ದಿನದ ಆಟಕ್ಕೆ ಸಾಲದು. ಒಂಬತ್ತನೇ ತರಗತಿಯ ನಲವತ್ತೇಳು ಮಕ್ಕಳಲ್ಲಿ ಮೂವತ್ತೆಂಟು ಮಕ್ಕಳು ದುಡ್ಡು ಕಟ್ಟಿದರು. ಒಂಬತ್ತು ಮಕ್ಕಳು ಕಟ್ಟಲಿಲ್ಲ. ಒಬ್ಬ ಹುಡುಗ 'ನಂಗೆ ಬಸ್ಸಲ್ಲಿ ವಾಂತಿ ಆಯ್ತದೆ ಸಾ' ಅಂದ. ಒಬ್ಬಳು 'ನಮ್ಮಜ್ಜಿಗೆ ಹುಷಾರಿಲ್ಲ' ಅಂದಳು. ಒಂಬತ್ತು ಮಕ್ಕಳಿಂದ ಒಂಬತ್ತು ಕಾರಣ ಬಂತು, ಕಾಸಿಲ್ಲ ಅಂತ ಒಬ್ಬರೂ ಹೇಳಲಿಲ್ಲ. ಆ ಒಂಬತ್ತರಲ್ಲಿ ಏಳು ಕೇರಿಯ ಮಕ್ಕಳು. ಬಡತನಕ್ಕೆ ಜಾತಿ ಇಲ್ಲ ಅಂತ ಭಾಷಣ ಮಾಡುವವರು ಈ ಏಳನ್ನೂ ಎರಡನ್ನೂ ಕೂಡಿಸಿ ಕಳೆದು ನೋಡಲಿ.

ಸಮುದ್ರಕ್ಕೆ ಯಾಕೆ ಹೋಗಲಿಲ್ಲ ಅಂದರೆ, 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದ ಕಡಲಿನಲ್ಲಿ ಪ್ರವಾಸಕ್ಕೆ ಬಂದಿದ್ದ ವಸತಿಶಾಲೆಯ ನಾಲ್ಕು ಮಕ್ಕಳು ನೀರುಪಾಲಾದದ್ದು ಹೆಡ್‌ಮೇಷ್ಟ್ರ ಎದೆಯಲ್ಲಿ ಹಾಗೇ ಕೂತಿತ್ತು. 'ಪಾರ್ಕಾದ್ರೆ ಎದೆಮಟ್ಟ ನೀರು, ಪಕ್ಕದಲ್ಲೇ ಕಾವಲಿನವ್ರು ಇರ್ತಾರೆ ಕಣ್ರಪ್ಪ' ಅಂದರು. ಬಸ್ಸಿನಲ್ಲಿ ಈಜು ಬರುವವರು ಕೈಯೆತ್ತಿ ಅಂದಾಗ ಹನ್ನೊಂದು ಕೈ ಎದ್ದವು. ನಮ್ಮ ಕೇರಿಯ ಹುಡುಗರದ್ದು ಎರಡು. ಕೇರಿಯ ಹುಡುಗಿಯರದ್ದು ಒಂದೂ ಇಲ್ಲ. ಈಜು ಕಲಿಯುವುದಕ್ಕೆ ಬಾವಿ ಬೇಕು, ಕಟ್ಟೆ ಬೇಕು, ಇಳಿದರೆ ಬಯ್ಯದಿರುವ ಜನ ಬೇಕು.

ನಾವು ಹೋದ ದಿನ ಡಿಸೆಂಬರ್ 25. ಸರಕಾರಿ ಶಾಲೆಗೆ ಅದು ಒಂದು ದಿನದ ರಜೆ. ಕಾನ್ವೆಂಟುಗಳಿಗೆ ವಾರಗಟ್ಟಲೆ ರಜೆ ಇರುವುದರಿಂದ ಬೆಂಗಳೂರಿನ ಅರ್ಧ ಕಾರುಗಳು ಅಲ್ಲೇ ನಿಂತಂತಿದ್ದವು. ಗೇಟಿನ ಮುಂದೆ ಹತ್ತಿಯ ಗಡ್ಡ ಅಂಟಿಸಿಕೊಂಡ ಒಬ್ಬ ಸಾಂತಾಕ್ಲಾಸ್ ಬಿಸಿಲಲ್ಲಿ ಬೆವರುತ್ತಾ ಕುಣಿಯುತ್ತಿದ್ದ. ಮಕ್ಕಳು ಅವನ ಕೈಕುಲುಕಿದರು. ಗಡ್ಡದೊಳಗಿಂದ 'ಯಾವೂರ್ ಮಕ್ಳಾ ನೀವು?' ಅಂತ ನಮ್ಮ ಕಡೆಯ ಕನ್ನಡ ಬಂತು. ನಂಜನಗೂಡು ಕಡೆಯವನಂತೆ. ಊರಿನ ಹೆಸರು ಹೇಳಿದ, ಕೇರಿಯ ಹೆಸರು ನಾವು ಕೇಳಲಿಲ್ಲ, ಅವನೂ ಕೇಳಲಿಲ್ಲ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಅಂತ ಕಾವಲಿನವನು ಚೀಲ ತಡಕಿದ. ಮನೆಯಿಂದ ಕಟ್ಟಿಕೊಂಡು ಬಂದಿದ್ದ ಚಿತ್ರಾನ್ನ, ರೊಟ್ಟಿ, ಹುರುಳಿಕಾಳಿನ ಉಸಲಿ ಎಲ್ಲ ಬಸ್ಸಿಗೆ ವಾಪಸ್ ಹೋದವು.

ಒಳಗೆ ಹೋದ ಕೂಡಲೇ ಎಡಗಡೆಗೆ ಸಿಗುವುದು ಒಂದು 'ಹಳ್ಳಿ'. ನಮ್ಮ ವಿಮರ್ಶೆಗೆ ನಿಜವಾಗಿ ಸಿಕ್ಕ ಪಠ್ಯ ಇದು. ಯಾಕೆಂದರೆ ಉಳಿದ ತಿರುಗಣಿ, ರೈಲು, ಕತ್ತಲೆಮನೆ ಎಲ್ಲ ಯಂತ್ರಗಳು. ಈ ಹಳ್ಳಿ ಮಾತ್ರ ಒಂದು ಕೃತಿ. ಯಾರೋ ಕೂತು ಯೋಚಿಸಿ, ಏನಿರಬೇಕು ಏನಿರಬಾರದು ಅಂತ ತೀರ್ಮಾನಿಸಿ ಮಾಡಿದ್ದು. ಆಳೆತ್ತರದ ಸಿಮೆಂಟ್ ಗೊಂಬೆಗಳು. ತೊಟ್ಟಿಮನೆ, ಅರಳಿಕಟ್ಟೆ, ಗುಡಿ. ಕುಂಬಾರ ಮಡಕೆ ತಟ್ಟುತ್ತಿದ್ದಾನೆ, ಕಮ್ಮಾರ ಕುಲುಮೆ ಮುಂದೆ ಕೂತಿದ್ದಾನೆ. ಒಬ್ಬಾಕೆ ರಾಗಿ ಬೀಸುತ್ತಿದ್ದಾಳೆ, ಇನ್ನೊಬ್ಬಾಕೆ ಹಾಲು ಕರೆಯುತ್ತಿದ್ದಾಳೆ, ಮೂರನೆಯವಳು ಬಾವಿಯಲ್ಲಿ ನೀರು ಸೇದುತ್ತಿದ್ದಾಳೆ. ಎಲ್ಲೋ ಬಚ್ಚಿಟ್ಟ ಸ್ಪೀಕರಿನಿಂದ ಹಸುವಿನ ಕೊರಳಗಂಟೆ, ಕೋಳಿಯ ಕೂಗು. ಮುಂದೆ ಒಂದು ಬೋರ್ಡು. ನಮ್ಮ ಪೂರ್ವಿಕರ ನೆಮ್ಮದಿಯ ಬದುಕು ಅನ್ನುವ ಅರ್ಥದ ಮಾತು ಅದರ ಮೇಲೆ.

ಮೊದಲ ನೋಟಕ್ಕೆ ಅಲ್ಲಿ ಕೇರಿ ಇಲ್ಲ. ಸಿದ್ದಲಿಂಗಯ್ಯನವರು ತಮ್ಮ ಆತ್ಮಕಥನಕ್ಕೆ 'ಊರುಕೇರಿ' ಅಂತ ಹೆಸರಿಟ್ಟಾಗ ಆ ಒಂದೇ ಪದದಲ್ಲಿ ಈ ನಾಡಿನ ಹಳ್ಳಿಯ ನಕ್ಷೆ ಪೂರ್ತಿ ಇತ್ತು. ಪಾರ್ಕಿನವರು ಆ ಪದವನ್ನು ಮಧ್ಯಕ್ಕೆ ಕತ್ತರಿಸಿ ಅರ್ಧ ಮಾತ್ರ ಸಿಮೆಂಟಿನಲ್ಲಿ ಎರಕ ಹೊಯ್ದಿದ್ದಾರೆ. ಇದು ಇವರು ಕಂಡುಹಿಡಿದದ್ದೂ ಅಲ್ಲ. ನಮ್ಮ ಪಠ್ಯಪುಸ್ತಕದ ಹಳ್ಳಿ, ಕ್ಯಾಲೆಂಡರಿನ ಹಳ್ಳಿ, ಭಾವಗೀತೆಯ ಹಳ್ಳಿ ಇದೇ ತಾನೆ? 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಬಾಬಾಸಾಹೇಬರು ಹಳ್ಳಿಯನ್ನು ಕೊಂಡಾಡುವವರ ಮುಖಕ್ಕೆ ಹೊಡೆದಂತೆ ಮಾತಾಡಿದರು. ಹಳ್ಳಿ ಅಂದರೆ ಅಜ್ಞಾನದ ಗೂಡು, ಸಂಕುಚಿತ ಬುದ್ಧಿಯ ಕೂಪ, ಅದನ್ನು ಸಂವಿಧಾನದ ಮೂಲ ಘಟಕ ಮಾಡದೆ ವ್ಯಕ್ತಿಯನ್ನು ಮಾಡಿದ್ದು ಒಳ್ಳೆಯದಾಯಿತು ಅನ್ನುವುದು ಅವರ ಮಾತಿನ ತಿರುಳು. ಅಷ್ಟು ಹಿಂದೆ ಮುಗಿಯಬೇಕಾಗಿದ್ದ ವಾದವನ್ನು ಈಗ ಟಿಕೆಟ್ ಇಟ್ಟು ಮಾರುತ್ತಿದ್ದಾರೆ.

ಆದರೆ ಎರಡನೇ ಸಲ ಸುತ್ತು ಹಾಕಿದಾಗ ನಮ್ಮ ತೀರ್ಮಾನ ಅಲ್ಲಾಡಿತು. ಅರಳಿಕಟ್ಟೆಯ ಮೇಲೆ ಪಂಚಾಯ್ತಿ ಗೊಂಬೆಗಳಿವೆ. ಮೀಸೆಯ ಗೌಡರು ಬಾಯಿ ತೆರೆದು ಕೂತಿದ್ದಾರೆ. ಕೆಳಗೆ ಇಬ್ಬರು ನಿಂತಿದ್ದಾರೆ. ಅವರ ಟವೆಲ್ಲು ಹೆಗಲ ಮೇಲಿಲ್ಲ, ಕಂಕುಳಲ್ಲಿದೆ. ಬೆನ್ನು ಒಂದಿಷ್ಟು ಬಾಗಿದೆ. ಆಮೇಲೆ ಹಳ್ಳಿಯ ಬೇಲಿ ದಾಟಿ ಹೊರಗೆ, ಶೌಚಾಲಯಕ್ಕೆ ತಿರುಗುವ ದಾರಿಯಲ್ಲಿ, ಒಬ್ಬನೇ ಒಬ್ಬ ಚಪ್ಪಲಿ ಹೊಲಿಯುವವನನ್ನು ಕೂರಿಸಿದ್ದಾರೆ. ಒಳಗೆ ಜಾಗ ಸಾಲದೇ ಹೊರಗಿಟ್ಟರೋ ಏನೋ. ಅವನ ಮುಂದೆ ಬೋರ್ಡು ಇಲ್ಲ. ಗೊಂಬೆ ಮಾಡಿದ ಕೈಗೆ ಊರು ಗೊತ್ತಿತ್ತು ಗೆಳೆಯರೆ. ಬೋರ್ಡು ಬರೆಸಿದವನು ಸುಳ್ಳು ಹೇಳಿದ್ದಾನೆ, ಗೊಂಬೆ ಮಾಡಿದವನು ಹೇಳಿಲ್ಲ. ಅಥವಾ ಅವನಿಗೆ ಸುಳ್ಳು ಹೇಳುವುದು ಹೇಗೆ ಅಂತ ಹೊಳೆದಿಲ್ಲ; ಕಂಡದ್ದನ್ನು ಕಂಡಲ್ಲೇ ಕೂರಿಸಿದ್ದಾನೆ. ಎಷ್ಟೋ ಪ್ರಶಸ್ತಿ ಪಡೆದ ಗ್ರಾಮೀಣ ಕಾದಂಬರಿಗಳಿಗಿಂತ ಆ ಬೇಲಿಯಾಚೆಯ ಗೊಂಬೆ ಹೆಚ್ಚು ಪ್ರಾಮಾಣಿಕ ಅಂತ ನಮಗೆ ಅನ್ನಿಸಿತು.

ಬಾವಿಯ ಹತ್ತಿರ ಮಕ್ಕಳು ಫೋಟೋಗೆ ಮುಗಿಬಿದ್ದಿದ್ದರು. ಒಬ್ಬ ಹುಡುಗಿ ಮಾತ್ರ ಬಾವಿಕಟ್ಟೆಯ ಸುತ್ತ ಒಂದು ಸುತ್ತು ಬಂದು, ಕಟ್ಟೆಗೆ ಕಾಲಿಡದೆ ನಮ್ಮ ಕಡೆ ತಿರುಗಿ, 'ಹತ್ಬೋದಾ ಸಾ?' ಅಂದಳು. ಹತ್ತವ್ವ, ಅದು ಸಿಮೆಂಟು, ಅಂದೆವು. ಹತ್ತಿ ಬಗ್ಗಿ ನೋಡಿದಳು. ಒಳಗೆ ನೀರಿಲ್ಲ, ಚಿಪ್ಸಿನ ಪ್ಲಾಸ್ಟಿಕ್ಕು.

ಮಧ್ಯಾಹ್ನ ಬಸ್ಸಿನ ಹತ್ತಿರ ಚಿತ್ರಾನ್ನ ತಿನ್ನುತ್ತಾ ನಮ್ಮ ಮೂವರಿಗೇ ಜಗಳ ಹತ್ತಿತು. ಒಬ್ಬ ಅಂದ, ಮಾಲೀಕರಿಗೆ ಕಾಗದ ಬರೆಯೋಣ, ಹಳ್ಳಿಯಲ್ಲಿ ಕೇರಿಯನ್ನೂ ಕಟ್ಟಿ ಅಂತ ಒತ್ತಾಯಿಸೋಣ. ಇನ್ನೊಬ್ಬ ಅಂದ, ಕಟ್ಟಿದರೆ ಏನಾಗುತ್ತೆ? ನಮ್ಮಜ್ಜಿಯ ಗುಡಿಸಲ ಮುಂದೆ ನಿಂತು ಬೆಂಗಳೂರಿನವರು ಹಲ್ಲುಕಿರಿದು ಫೋಟೋ ತೆಗೆಸಿಕೊಳ್ಳುತ್ತಾರೆ, ಅಷ್ಟೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಇಂಥ ಜಗಳ ನಮಗಿಂತ ಮೊದಲೇ ಬೇರೆಯವರೂ ಆಡಿದ್ದಾರೆ. 1955ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಸ್ನಿಲ್ಯಾಂಡ್ ತೆರೆದಾಗ ಅಲ್ಲೂ ಒಂದು 'ಹಳೆಯ ಊರಿನ' ಬೀದಿ ಕಟ್ಟಿದರು. ಇಪ್ಪತ್ತನೇ ಶತಮಾನದ ಮೊದಲಿನ ಸಣ್ಣ ಪಟ್ಟಣ ಅದು. ಆ ಕಾಲದಲ್ಲಿ ಕರಿಯರನ್ನು ಮರಕ್ಕೆ ನೇಣುಹಾಕುತ್ತಿದ್ದದ್ದರ ನೆರಳೂ ಆ ಬೀದಿಯ ಮೇಲೆ ಬಿದ್ದಿರಲಿಲ್ಲ. ಅದೇ ಪಾರ್ಕಿನ ಇನ್ನೊಂದು ಮೂಲೆಯಲ್ಲಿ ಕರಿಯ ಹೆಂಗಸಿಗೆ ಗುಲಾಮಗಿರಿ ಕಾಲದ ಅಡುಗೆಯವಳ ವೇಷ ಹಾಕಿಸಿ, ಆಂಟ್ ಜೆಮೈಮಾ ಅನ್ನುವ ಹೆಸರಲ್ಲಿ ದೋಸೆಯಂಥ ತಿಂಡಿಯ ಹೋಟೆಲಿನ ಮುಂದೆ ನಗಿಸುತ್ತಾ ನಿಲ್ಲಿಸಿದ್ದರು. ಒಂದು ಕಡೆ ಹೊರಗಿಟ್ಟರು, ಇನ್ನೊಂದು ಕಡೆ ಈ ಥರ ಒಳಗಿಟ್ಟರು. ಮುಂದೆ 1989ರಲ್ಲಿ ಅದೇ ಪಾರ್ಕಿನಲ್ಲಿ, ಗುಲಾಮರ ತೋಟದ ಬದುಕನ್ನು ಸಿಹಿಯಾಗಿ ತೋರಿಸಿದ 1946ರ ಒಂದು ಸಿನಿಮಾದ ಮೇಲೆ ನೀರು ಜಾರುವ ಆಟ ಕಟ್ಟಿದರು. ಜನ ಪ್ರಶ್ನೆ ಮಾಡುತ್ತಲೇ ಹೋದರು. 2023ರಲ್ಲಿ ಅದನ್ನು ಮುಚ್ಚಿ, 2024ರಲ್ಲಿ ಕರಿಯ ರಾಜಕುಮಾರಿಯೊಬ್ಬಳ ಕಥೆ ಹಾಕಿ ಮತ್ತೆ ತೆರೆದರು. ಕಾಸು ಎಣಿಸುವವನಿಗೂ ವಿಮರ್ಶೆ ನಾಟುತ್ತದೆ, ತಡವಾಗಿ ನಾಟುತ್ತದೆ. ಕಾಗದ ಬರೆಯುವ ಗೆಳೆಯನ ಕಡೆಗೆ ನಮ್ಮ ಮನಸ್ಸು ಸ್ವಲ್ಪ ವಾಲಿದೆ. ಕೇರಿ ಕಟ್ಟಿ ಅಂತಲ್ಲ, ಮೊದಲು ಆ ಬೋರ್ಡು ತೆಗೆಯಿರಿ ಅಂತ.

ಮಧ್ಯಾಹ್ನದ ಮೇಲೆ ನೀರು.

ನೀರಿಗಿಳಿಯುವ ಮುಂಚೆ ಬಟ್ಟೆಯ ತಕರಾರು. ಹತ್ತಿ ಬಟ್ಟೆ ನಡೆಯುವುದಿಲ್ಲ, ನೈಲಾನ್ ಬಟ್ಟೆಯೇ ಬೇಕು, ಇಲ್ಲದಿದ್ದರೆ ಬಾಡಿಗೆಗೆ ತಗೊಳ್ಳಿ. ಉಡುಪಿನ ಮೇಲೆ ಕಟ್ಟಳೆ ಅಂದ ಕೂಡಲೇ ನಮಗೆ ಮೈ ಉರಿಯುತ್ತದೆ, ಅದಕ್ಕೆ ಚರಿತ್ರೆಯ ಕಾರಣವಿದೆ. ಆದರೆ ವಿಚಾರಿಸಿದಾಗ ತಿಳಿದದ್ದು, ಹತ್ತಿಯ ಎಳೆ ಬಿಟ್ಟರೆ ನೀರು ಸೋಸುವ ಯಂತ್ರ ಕಟ್ಟಿಕೊಳ್ಳುತ್ತದೆ ಅಂತ. ಕಾರಿನಲ್ಲಿ ಬಂದವನಿಗೂ ಅದೇ ಕಟ್ಟಳೆ. ಕಾರಣ ಹೇಳಬಲ್ಲ ಕಟ್ಟಳೆಗೂ ಕಾರಣ ಕೇಳಿದರೆ ಬಡಿಯುವ ಕಟ್ಟಳೆಗೂ ವ್ಯತ್ಯಾಸವಿದೆ. ಬಾಡಿಗೆಯ ಕಾಸು ಮಾತ್ರ ನಮ್ಮನ್ನು ಸುಲಿಯಿತು, ಅದು ಬೇರೆ ಮಾತು.

ಅಲೆ ಏಳುವ ಒಂದು ದೊಡ್ಡ ಕೊಳ. ಸೈರನ್ ಕೂಗುತ್ತದೆ, ಜನ ಹೋ ಅನ್ನುತ್ತಾರೆ, ಗೋಡೆಯ ಹಿಂದಿನ ಯಂತ್ರ ನೀರನ್ನು ನೂಕುತ್ತದೆ. ನೂರಾರು ಜನ ಒಟ್ಟಿಗೆ ಮೇಲೆದ್ದು ಒಟ್ಟಿಗೆ ಕೆಳಗಿಳಿಯುತ್ತಾರೆ. ಬೆಳಗ್ಗೆ ಸಿಮೆಂಟಿನ ಬಾವಿಕಟ್ಟೆ ಹತ್ತಲು ಅಪ್ಪಣೆ ಕೇಳಿದ ಆ ಹುಡುಗಿ ಇಲ್ಲಿ ಯಾರನ್ನೂ ಕೇಳಲಿಲ್ಲ. ನಾವು ನೋಡನೋಡುತ್ತಲೇ ಎದೆಮಟ್ಟಕ್ಕೆ ಹೋಗಿ ನಿಂತಿದ್ದಳು. ಅವಳ ಆಚೆ ಈಚೆ ಯಾರಿದ್ದರು? ಬೆಂಗಳೂರಿನ ಇಂಜಿನಿಯರ್ ಮನೆಯವರಿರಬಹುದು, ನಮ್ಮೂರ ಗೌಡರ ಮಕ್ಕಳು ಇದ್ದೇ ಇದ್ದರು. ಒಬ್ಬರ ಬಾಯಿಗೆ ಹೋದ ನೀರು ಇನ್ನೊಬ್ಬರ ಬಾಯಿಂದ ಉಗುಳಿದ್ದು. ನಮ್ಮ ಊರಿನಲ್ಲಿ ಇಷ್ಟು ಎಂಜಲಾಗಿದ್ದರೆ ಮೂರು ಕೊಲೆ ಆಗುತ್ತಿತ್ತು.

ಡಿಸೆಂಬರ್ 25 ನಮಗೆ ಕ್ರಿಸ್‌ಮಸ್ ಒಂದೇ ಅಲ್ಲ ಅನ್ನುವುದು ಆ ಕೊಳದ ದಂಡೆಯ ಮೇಲೆ ನಿಂತಾಗ ನೆನಪಾಯಿತು. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಬಾಬಾಸಾಹೇಬರು ಬೊಗಸೆ ನೀರು ಕುಡಿದರು. ಸವರ್ಣೀಯರು ಆಮೇಲೆ 108 ಬಿಂದಿಗೆಯಲ್ಲಿ ಸಗಣಿ, ಗಂಜಲ, ಹಾಲು, ಮೊಸರು ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಅದೇ ವರ್ಷದ ಡಿಸೆಂಬರ್ 25ರಂದು ಅದೇ ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. ಕೋರ್ಟಿನಲ್ಲಿ ಆ ಕೆರೆಯ ನೀರು ನಮ್ಮದೂ ಹೌದು ಅಂತ ಕೊನೆಗೆ ತೀರ್ಮಾನವಾಗಲು 1937 ಆಯಿತು. ಒಂದು ಬೊಗಸೆ ನೀರಿಗೆ ಹತ್ತು ವರ್ಷ. 2022ರ ನವೆಂಬರಿನಲ್ಲಿ ನಮ್ಮದೇ ಚಾಮರಾಜನಗರ ತಾಲೂಕಿನ ಹೆಗ್ಗೋಠಾರದಲ್ಲಿ ಮದುವೆಗೆ ಬಂದಿದ್ದ ನಮ್ಮ ಹೆಣ್ಣುಮಗಳೊಬ್ಬಳು ಬೀದಿಯ ತೊಂಬೆಯಲ್ಲಿ ನೀರು ಕುಡಿದಳು ಅಂತ ತೊಂಬೆಯ ನೀರೆಲ್ಲ ಹರಿಯಬಿಟ್ಟು ಗಂಜಲ ಹಾಕಿ ತೊಳೆದರು. ಆಮೇಲೆ ಅಧಿಕಾರಿಗಳು ಬಂದು ಊರಿನ ತೊಂಬೆಗಳಲ್ಲೆಲ್ಲ ನಮ್ಮವರಿಗೆ ನೀರು ಕುಡಿಸಿದರು. ಮಹಾಡದಿಂದ ಹೆಗ್ಗೋಠಾರಕ್ಕೆ ತೊಂಬತ್ತೈದು ವರ್ಷ. ಬಸ್ಸು ಹತ್ತಿದ ಮಕ್ಕಳಲ್ಲಿ ಕೆಲವರಿಗೆ ಆ ತೊಂಬೆ ಗೊತ್ತು. ಪಾರ್ಕಿನ ಕೊಳವನ್ನೂ ದಿನಾ ಶುದ್ಧ ಮಾಡುತ್ತಾರೆ, ಕ್ಲೋರಿನ್ ಹಾಕುತ್ತಾರೆ. ಕ್ಲೋರಿನ್ ಹಾಕುವವನು ಮುಟ್ಟಿದವರು ಯಾರು ಅಂತ ನೋಡುವುದಿಲ್ಲ, ನೀರು ಎಷ್ಟಿದೆ ಅಂತ ಅಳೆಯುತ್ತಾನೆ.

ಹಿರಿಯ ಗೆಳೆಯರು ಇದಕ್ಕೇನನ್ನುತ್ತಾರೆ? ಕಾಸು ಕೊಟ್ಟು ಕೊಂಡ ಸಮಾನತೆ ಅನ್ನುತ್ತಾರೆ. ಹೌದು. ಅಮೆರಿಕದ ಕರಿಯ ಬಂಧುಗಳಿಗಂತೂ ಕಾಸು ಕೊಟ್ಟರೂ ಅದು ಸಿಗುತ್ತಿರಲಿಲ್ಲ. 1963ರ ಏಪ್ರಿಲಿನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಮಾರ್ಟಿನ್ ಲೂಥರ್ ಕಿಂಗ್ ಬರೆದ ಪತ್ರದಲ್ಲಿ ಪೊಲೀಸರ ದೊಣ್ಣೆ, ಕೊಲೆ, ಹಸಿವು ಎಲ್ಲದರ ನಡುವೆ ಒಂದು ಪಾರ್ಕು ಬರುತ್ತದೆ. ಟೀವಿಯಲ್ಲಿ ಜಾಹೀರಾತು ನೋಡಿದ ಆರು ವರ್ಷದ ಮಗಳು ಅಲ್ಲಿಗೆ ಕರಕೊಂಡು ಹೋಗು ಅನ್ನುತ್ತಾಳೆ. ಕರಿಯ ಮಕ್ಕಳಿಗೆ ಅಲ್ಲಿ ಪ್ರವೇಶವಿಲ್ಲ ಅಂತ ಹೇಳಲು ಅಪ್ಪನ ನಾಲಿಗೆ ಏಳುವುದಿಲ್ಲ. ಕಿಂಗ್ ಅವರಿಗೆ ಅದು ಬರೆಯತಕ್ಕ ವಿಷಯ ಅನ್ನಿಸಿತು. 1960ರಲ್ಲಿ ವಾಷಿಂಗ್ಟನ್ ಪಕ್ಕದ ಗ್ಲೆನ್ ಎಕೋ ಪಾರ್ಕಿನಲ್ಲಿ ಕಾಲೇಜು ಹುಡುಗರು ಮರದ ಕುದುರೆಗಳ ಮೇಲೆ ಹತ್ತಿ ಕೂತು ಜೈಲಿಗೆ ಹೋದರು. ಬಾಲ್ಟಿಮೋರಿನ ಗ್ವಿನ್ ಓಕ್ ಪಾರ್ಕು ವರ್ಷಗಟ್ಟಲೆ ಧರಣಿಯಾದ ಮೇಲೆ 1963ರ ಆಗಸ್ಟ್ 28ರಂದು ಎಲ್ಲರಿಗೂ ಗೇಟು ತೆರೆಯಿತು. ಅದೇ ದಿನ ವಾಷಿಂಗ್ಟನ್ನಿನಲ್ಲಿ ಲಕ್ಷಾಂತರ ಜನ ಕಿಂಗ್ ಮಾತು ಕೇಳುತ್ತಿದ್ದರು. ಇಲ್ಲಿ ಹನ್ನೊಂದು ತಿಂಗಳ ಒಂದು ಕರಿಯ ಕೂಸು ಅಪ್ಪನ ಕೈ ಹಿಡಿತದಲ್ಲಿ ಮರದ ಕುದುರೆಯ ಮೇಲೆ ಕೂತಿತ್ತು. ಮಿಸಿಸಿಪ್ಪಿಯ ಜ್ಯಾಕ್ಸನ್ ನಗರದ ಕಥೆ ಇನ್ನೊಂದು ಥರ. ಕರಿಯರನ್ನೂ ಈಜುಕೊಳಕ್ಕೆ ಬಿಡಬೇಕಾಗುತ್ತದೆ ಅಂತಾದಾಗ ಆಡಳಿತ ಸಾರ್ವಜನಿಕ ಈಜುಕೊಳಗಳನ್ನೇ ಮುಚ್ಚಿಬಿಟ್ಟಿತು. ತಮಗೂ ಬೇಡ, ನಿಮಗೂ ಬೇಡ. 1971ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದಕ್ಕೆ ನಾಲ್ಕರಂತೆ ಅದನ್ನು ಸರಿ ಅಂದಿತು. ತೊಂಬೆ ಖಾಲಿ ಮಾಡಿದವರಿಗೂ ಕೊಳ ಮುಚ್ಚಿದವರಿಗೂ ಭಾಷೆ ಬೇರೆ, ಅಷ್ಟೆ.

ಹಾಗಾದರೆ ಇಲ್ಲಿ ಜಾತಿ ಕರಗಿತೋ? ಇಲ್ಲ, ಬಟ್ಟೆ ಬದಲಾಯಿಸಿಕೊಂಡಿತ್ತು. ಪ್ರತಿ ಆಟಕ್ಕೂ ಎರಡು ಸಾಲು. ಒಂದು ನಮ್ಮದು, ಎರಡು ನಿಮಿಷದ ಆಟಕ್ಕೆ ಒಂದೂವರೆ ಗಂಟೆ ನಿಂತೆವು. ಇನ್ನೊಂದು ಹೆಚ್ಚಿನ ಕಾಸು ಕೊಟ್ಟವರದು. ಅವರು ನಮ್ಮ ಪಕ್ಕದಲ್ಲೇ ನಡೆದು ಹೋಗಿ ಕೂರುತ್ತಿದ್ದರು. ನಮ್ಮ ಸಾಲಿನಲ್ಲಿದ್ದ ಗೌಡರ ಹುಡುಗ ಒಬ್ಬ, 'ಇದ್ಯಾವ್ ನ್ಯಾಯ ಸಾ, ನಾವ್ ಮೊದ್ಲಿಂದ ನಿಂತಿಲ್ವಾ?' ಅಂದ. ಅವನ ಪಕ್ಕ ನಿಂತಿದ್ದ ಕೇರಿಯ ಹುಡುಗ ನಕ್ಕ. ಯಾಕೆ ನಕ್ಕ ಅಂತ ನಾವು ವಿವರಿಸುವುದಿಲ್ಲ. ದೇವಸ್ಥಾನಗಳಲ್ಲೂ ಇದೇ ವ್ಯವಸ್ಥೆ ಇದೆ. ತಿರುಪತಿಯಲ್ಲಿ 300 ರೂಪಾಯಿಯ ವಿಶೇಷ ದರ್ಶನಕ್ಕೆ ಬೇರೆ ಸಾಲು. ಪಾರ್ಕಿನವರು ಗುಡಿಯಿಂದ ಕಲಿತರೋ, ಗುಡಿಯವರು ಪಾರ್ಕಿನಿಂದಲೋ. ಇನ್ನು ಆ ಕೊಳದ ದಂಡೆ ಗುಡಿಸುವವರು, ಬಾಡಿಗೆ ಬಟ್ಟೆ ಒಗೆಯುವವರು, ಶೌಚಾಲಯ ತೊಳೆಯುವವರು ಯಾರು ಅಂತ ಹೊರಗೆ ಚಹಾ ಅಂಗಡಿಯಲ್ಲಿ ನಾಲ್ಕು ಜನರನ್ನು ಮಾತಾಡಿಸಿದೆವು. ಉತ್ತರ ನಿಮಗೂ ಗೊತ್ತು. ಅವರಲ್ಲಿ ಒಬ್ಬ ಅಣ್ಣ ಅಂದ, 'ನೀರೊಳಿಕೆ ಇಳಿಯಾಕೆ ನಮಗೂ ಆಸೆ ಕಣಪ್ಪ. ಡ್ಯೂಟಿ ಟೈಮಲ್ಲಿ ಬುಡಲ್ಲ. ಡ್ಯೂಟಿ ಮುಗುದ್ಮೇಲೆ ನೀರಾಟ ಬಂದು.'

ಈಗ ನಮ್ಮ ಮೇಲೇ ಒಂದು ಮಾತು. ವಾಪಸ್ ಬಂದ ಮೇಲೆ ನಮ್ಮ ಅತಿಥಿ ಶಿಕ್ಷಕ ಗೆಳೆಯ ಮಕ್ಕಳಿಗೆ 'ನಾನು ಮಾಡಿದ ಪ್ರವಾಸ' ಅಂತ ಪ್ರಬಂಧ ಬರೆಯಲು ಹೇಳಿದ. ಮೂವತ್ತೆಂಟು ಪುಸ್ತಕಗಳನ್ನು ನಾವು ಮೂವರೂ ಕೂತು ಓದಿದೆವು. ಎಲ್ಲವೂ ಗೈಡಿನ ಮಾತಿನಿಂದ ಶುರು: ಪ್ರವಾಸದಿಂದ ಜ್ಞಾನ ಹೆಚ್ಚುತ್ತದೆ, ಐಕ್ಯತೆ ಬೆಳೆಯುತ್ತದೆ. ಪಾರ್ಕಿನ ಹಳ್ಳಿಯ ಬಗ್ಗೆ ಬೋರ್ಡಿನ ಮೇಲಿದ್ದದ್ದನ್ನೇ ಹೆಚ್ಚುಕಡಿಮೆ ನಕಲು ಮಾಡಿದ್ದರು. ನೀರಿನ ಬಗ್ಗೆ ಹೆಚ್ಚಿನವರು ಒಂದು ಸಾಲು ಬರೆದು ಬಿಟ್ಟಿದ್ದರು, ಯಾಕೆಂದರೆ ಗೈಡಿನಲ್ಲಿ ನೀರಿಗೆ ಸಾಲಿಲ್ಲ. ಆ ಹುಡುಗಿ ಮಾತ್ರ ತನ್ನ ಮಾತಿನಲ್ಲಿ ಬರೆದಿದ್ದಳು: 'ನೀರಿನಲ್ಲಿ ಯಾರೂ ಯಾರನ್ನೂ ಏನೂ ಕೇಳಲಿಲ್ಲ. ನಾನು ಸಂಜೆಗಂಟ ಈಚೆಗೆ ಬರಲಿಲ್ಲ.' ಅದಕ್ಕೆ ಮುಂಚಿನ ತಿಂಗಳು ನಾವು ಮೂವರೂ ಒಂದು ಕವಿಗೋಷ್ಠಿಯಲ್ಲಿ ಓದಿದ ಪದ್ಯಗಳನ್ನು ಮತ್ತೆ ತೆಗೆದು ನೋಡಿದೆವು. ಬೆಂಕಿ ಹನ್ನೆರಡು ಸಲ, ರಕ್ತ ಒಂಬತ್ತು ಸಲ, ಕಿಚ್ಚು ಆರು ಸಲ. ನೀರು ಬಂದಲ್ಲೆಲ್ಲ ಕಣ್ಣೀರು. ನಮ್ಮ ಹಿರಿಯರು 1970ರ ದಶಕದಲ್ಲಿ ಬೆಂಕಿ ಅಂತ ಬರೆದಾಗ ಅದು ಅವರ ಕೈ ಸುಟ್ಟಿತ್ತು. ನಾವು ಅವರಿಂದ ಪದ ತಗೊಂಡಿದ್ದೇವೆ, ಸುಟ್ಟಗಾಯ ತಗೊಂಡಿಲ್ಲ. ಮಕ್ಕಳು ಗೈಡಿನಿಂದ ಬರೆದ ಹಾಗೆ ನಾವು ಚಳುವಳಿಯ ಗೈಡಿನಿಂದ ಬರೆಯುತ್ತಿದ್ದೇವೇನೋ. ಕೇರಿಯ ಒಬ್ಬ ಹುಡುಗಿ ಸಂಜೆಯವರೆಗೆ ನೀರಿನಿಂದ ಈಚೆ ಬರಲಿಲ್ಲ ಅನ್ನುವುದಕ್ಕೆ ನಮ್ಮ ಹತ್ತಿರ ಒಂದು ಸಾಲು ಇರಲಿಲ್ಲ. ಹಿರಿಯ ಗೆಳೆಯರೆ, ನಿಮ್ಮ ಜೊತೆ ನಮ್ಮ ಜಗಳ ಇಷ್ಟೇ. ಸುಖವನ್ನು ಮಾಲೀಕರಿಗೆ ಬಿಟ್ಟುಕೊಟ್ಟು ನಾವು ನೋವನ್ನು ಮಾತ್ರ ಇಟ್ಟುಕೊಂಡರೆ, ಊರಿನವರು ಮೊದಲೇ ಮಾಡಿದ್ದ ಹಂಚಿಕೆಗೆ ನಾವೂ ರುಜು ಹಾಕಿದಂತೆ.

ಹೋಗದೆ ಉಳಿದ ಒಂಬತ್ತು ಮಕ್ಕಳಿಗೂ ಪ್ರಬಂಧ ಬರೆಯಲು ಹೇಳಬಾರದಿತ್ತು. ನಮ್ಮ ಗೆಳೆಯನಿಗೆ ಅದು ಹೊಳೆಯಲಿಲ್ಲ. ಆ ಮಕ್ಕಳೂ ಬರೆದರು. ಬಸ್ಸಿನಲ್ಲಿ ವಾಂತಿ ಬರುತ್ತದೆ ಅಂದಿದ್ದ ಹುಡುಗ, ಹೋಗಿಬಂದವರಿಂದ ಕೇಳಿಸಿಕೊಂಡು, ತಾನೂ ಹೋದಂತೆಯೇ ಎರಡು ಪುಟ ತುಂಬಿಸಿದ್ದ. ಅವನ ಪಾರ್ಕಿನ ಹಳ್ಳಿಯಲ್ಲಿ ಮಾರಮ್ಮನ ಗುಡಿ ಹಿಂದೆ ಕೇರಿಯೂ ಇತ್ತು, ಅಲ್ಲಿ ಅವನ ಅಜ್ಜನಂಥ ಒಂದು ಗೊಂಬೆ ಬೀಡಿ ಸೇದುತ್ತಾ ಕೂತಿತ್ತು. ಇಲ್ಲದ್ದನ್ನು ಬರೆದಿದ್ದಾನೆ ಅಂತ ಪಕ್ಕದ ಬೆಂಚಿನವನು ದೂರು ಕೊಟ್ಟ.

ಒಂಬತ್ತು ಮಕ್ಕಳಿಗೆ ತಲೆಗೆ 1,200ರಂತೆ 10,800 ರೂಪಾಯಿ. ಮುಂದಿನ ಡಿಸೆಂಬರಿಗೆ ಅಂತ ಜೂನಿನಿಂದಲೇ ಶಾಲೆಯ ಬೀರುವಿನಲ್ಲಿ ಒಂದು ಡಬ್ಬ ಇಡಲು ಹೆಡ್‌ಮೇಷ್ಟ್ರು ಒಪ್ಪಿದ್ದಾರೆ. ಯಾರ ಹೆಸರೂ ಬರೆಯದ ಡಬ್ಬ, ಯಾರಿಗೆ ಅಂತ ಮಕ್ಕಳ ಮುಂದೆ ಹೇಳದ ಡಬ್ಬ. ಅದಕ್ಕೂ ಮುಂಚೆ, ಬೇಸಿಗೆ ರಜೆಯಲ್ಲಿ, ಹುಡುಗಿಯರಿಗೂ ಸೇರಿಸಿ ಈಜು ಕಲಿಸಲು ಊರ ಕೆರೆಗೆ ಇಳಿಯೋಣ ಅಂತಿದ್ದೇವೆ. ಪಂಚಾಯ್ತಿಗೆ ಅರ್ಜಿ ಕೊಟ್ಟಿದ್ದೇವೆ. ಇನ್ನೂ ಉತ್ತರ ಬಂದಿಲ್ಲ.